ಟ್ರೈಲರ್ ಎಳೆಯುವ ಟರ್ಬೊ ಪಿಕಪ್: ಮೀಟರಿನ ಮುಳ್ಳು ಹೇಳುವುದೇನು?

ಜನರೇಟರ್, ಏರ್ ಕಂಪ್ರೆಸರ್ ಮುಂತಾದ ಯಂತ್ರಗಳನ್ನು ಗಾಲಿಗಳ ಮೇಲೆ ಕೂರಿಸಿ, ಪಿಕಪ್ ವಾಹನದ ಹಿಂದೆ ಜೋಡಿಸಿ ಗಿರಾಕಿಯ ಸ್ಥಳಕ್ಕೆ ಒಯ್ಯುವ ಪದ್ಧತಿ ನಮ್ಮ ಸಣ್ಣ ಉದ್ದಿಮೆದಾರರಲ್ಲಿ ರೂಢಿಯಲ್ಲಿದೆ. ಇದರಿಂದ ಲಾರಿ ಬಾಡಿಗೆ ಉಳಿಯುತ್ತದೆಂಬುದು ನಿಜ. ಆದರೆ ಹೀಗೆ ಉಳಿಸಿದ್ದರ ಹಲವು ಪಟ್ಟು ಹಣವನ್ನು ಒಂದೇ ಘಾಟಿಯ ಏರಿನಲ್ಲಿ ಕೆಟ್ಟ ಎಂಜಿನ್ನಿಗೆ ತೆರಬೇಕಾಗಿ ಬರಬಹುದು. ಇಂತಹ ಹಾನಿಗೆ ಮೊದಲು ವಾಹನವು ಸಾಮಾನ್ಯವಾಗಿ ಸೂಚನೆ ನೀಡಿಯೇ ಇರುತ್ತದೆ. ಅದನ್ನು ತೋರಿಸುವ ಮೀಟರ್ ಇರುವುದಿಲ್ಲ, ಇಲ್ಲವೇ ಇದ್ದರೂ ನೋಡಿದವರಿರುವುದಿಲ್ಲ.

ಬೊಲೆರೊ ಪಿಕಪ್, ಟಾಟಾ ಯೋಧ, ಇಸುಜು ಡಿ-ಮ್ಯಾಕ್ಸ್ ಇವೆಲ್ಲವೂ ಟರ್ಬೊ ಅಳವಡಿಸಿದ ಡೀಸೆಲ್ ವಾಹನಗಳು. ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೆಚ್ಚು ಗಾಳಿಯನ್ನು ಎಂಜಿನ್ನಿಗೆ ತುಂಬುವುದು ಟರ್ಬೊ ಸಾಧನದ ಕೆಲಸ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದರ ಮೂಲ ಕಲ್ಪನೆಗೆ ಪೇಟೆಂಟ್ ಪಡೆದರು. ಸಣ್ಣ ಟರ್ಬೊಗಳ ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದಕ್ಕೆ ಆಧಾರ ತೆಳುವಾದ ಎಣ್ಣೆಯ ಪದರ ಮಾತ್ರ.

ಏರಿನಲ್ಲಿ ಉಂಟಾಗುವ ಶಾಖದ ಲೆಕ್ಕವನ್ನು ನೋಡೋಣ. ಸರಕು ತುಂಬಿದ ಪಿಕಪ್ ಹಾಗೂ ಟ್ರೈಲರ್ ಸೇರಿ ನಾಲ್ಕು ಟನ್ ತೂಗುತ್ತವೆಂದು ಭಾವಿಸಿರಿ. ಮಂಗಳೂರಿನ ಕಡಲದಂಡೆಯಿಂದ 900 ಮೀಟರಿಗೂ ಎತ್ತರದಲ್ಲಿರುವ ಸಕಲೇಶಪುರಕ್ಕೆ ಈ ಭಾರವನ್ನು ಏರಿಸಲು ಬೇಕಾದ ಶಕ್ತಿ ಸರಿಸುಮಾರು ಒಂದು ಲೀಟರ್ ಡೀಸೆಲಿನಲ್ಲಿರುವಷ್ಟು. ಎಂಜಿನ್ ತಾನು ಉರಿಸಿದ ಇಂಧನದ ಮೂರನೇ ಒಂದು ಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುವುದರಿಂದ ಮೂರು ಲೀಟರ್ ಉರಿಯಬೇಕು. ಮಿಕ್ಕ ಎರಡು ಲೀಟರಿನ ಶಾಖವು ರೇಡಿಯೇಟರಿನ ಮೂಲಕವೂ ಹೊಗೆಯ ಮೂಲಕವೂ ಹೊರಹೋಗಬೇಕು. ಈ ಏರಿನ ಬಹುಭಾಗ ಶಿರಾಡಿ ಘಾಟಿಯ ಸುಮಾರು 25 ಕಿಲೋಮೀಟರಿನೊಳಗೇ ಇದೆ. ಅಲ್ಲಿ ವಾಹನದ ವೇಗ ಕಡಿಮೆ, ಎದುರುಗಾಳಿಯಿಂದ ದೊರೆಯುವ ತಂಪೂ ಕಡಿಮೆ.

ಹೆಚ್ಚಿನ ಚಾಲಕರು ನಂಬುವುದು ನೀರಿನ ಉಷ್ಣತೆಯ ಮುಳ್ಳನ್ನು. ಆದರೆ ಅದು ತಡವಾಗಿ ಮಾತನಾಡುವ ಸಾಕ್ಷಿ. ಅನೇಕ ವಾಹನಗಳಲ್ಲಿ ಮುಳ್ಳು ಪದೇಪದೇ ಅಲುಗಾಡಿ ಚಾಲಕನನ್ನು ಗಾಬರಿಪಡಿಸಬಾರದೆಂದು, ಉಷ್ಣತೆ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಅದು ನಡುವಿನಲ್ಲೇ ನಿಲ್ಲುವಂತೆ ತಯಾರಕರು ಹೊಂದಿಸಿರುತ್ತಾರೆ. ಮುಳ್ಳು ಮೇಲೆದ್ದಾಗ ಸಮಯ ಮೀರುತ್ತಿರುತ್ತದೆ. ಇನ್ನೊಂದು ಅಪಾಯವೂ ಉಂಟು: ಪೈಪ್ ಒಡೆದು ನೀರೆಲ್ಲ ಸೋರಿಹೋದರೆ, ಉಷ್ಣತೆಯನ್ನು ಅಳೆಯುವ ಸೆನ್ಸರನ್ನು ಮುಟ್ಟಲು ನೀರೇ ಇರುವುದಿಲ್ಲ. ಆಗ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿನ ನಡುವೆ ಮುಳ್ಳು ಕಾರಣವಿಲ್ಲದೆ ಕುಸಿದರೆ ಸಮಾಧಾನಪಡದೆ ವಾಹನವನ್ನು ನಿಲ್ಲಿಸಿ ನೋಡುವುದು ಲೇಸು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಮಾತ್ರ ತೆರೆಯಕೂಡದು.

ಟರ್ಬೊ ಎಂಜಿನ್ನಿನ ಸ್ಥಿತಿಯನ್ನು ಕ್ಷಣಕ್ಷಣಕ್ಕೂ ತಿಳಿಸುವುದು ಹೊಗೆಯ ಉಷ್ಣತೆ. ನೀರು ಬಿಸಿಯಾಗಲು ನಿಮಿಷಗಳು ಬೇಕು. ಹೊಗೆಯ ಉಷ್ಣತೆ ಆಕ್ಸಿಲರೇಟರ್ ತುಳಿದ ಕೆಲವೇ ಕ್ಷಣಗಳಲ್ಲಿ ನೂರಾರು ಡಿಗ್ರಿ ಏರುತ್ತದೆ. ಟರ್ಬೊಗೆ ಮೊದಲು ಅಳೆದಾಗ, ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿದ ಉಷ್ಣತೆಯಲ್ಲಿ ಬಹಳ ಹೊತ್ತು ಓಡಿಸಬಾರದೆಂಬುದು ಅನುಭವಿಗಳು ಪಾಲಿಸುವ ಮಿತಿ. ಪಿಸ್ಟನ್ನುಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಎಣ್ಣೆ ಹಾಗೂ ನೀರು ತಂಪುಗೊಳಿಸುತ್ತಿರುವುದರಿಂದಷ್ಟೇ ಪಿಸ್ಟನ್ ಉಳಿದಿರುತ್ತದೆ. ಟರ್ಬೊ ದಾಟಿದ ಮೇಲೆ ಅಳೆದರೆ ಅಂಕೆ ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ ಬರಬಹುದಾದ್ದರಿಂದ, ಮೀಟರ್ ಅಳವಡಿಸುವವರು ಸೆನ್ಸರನ್ನು ಎಲ್ಲಿ ಕೂರಿಸಿದ್ದಾರೆಂಬುದನ್ನು ಕೇಳಿ ತಿಳಿಯಬೇಕು. ವಾರಂಟಿಯಲ್ಲಿರುವ ವಾಹನಕ್ಕೆ ರಂಧ್ರ ಕೊರೆಯುವ ಮುನ್ನ ಡೀಲರರನ್ನು ವಿಚಾರಿಸುವುದು ಅಗತ್ಯ.

ಉಷ್ಣತೆ ಏರಿದಾಗ ಮಾಡಬೇಕಾದದ್ದು ನಮ್ಮ ಚಾಲಕರ ರೂಢಿಗೆ ವಿರುದ್ಧವಾದದ್ದು. ಡೀಸೆಲ್ ಉಳಿಯುತ್ತದೆಂದು ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಅದುಮಿ, ಎಂಜಿನ್ ಏದುಸಿರು ಬಿಡುವಂತೆ ಎಳೆಸುವ ಅಭ್ಯಾಸ ವ್ಯಾಪಕವಾಗಿದೆ. ಇದರಲ್ಲಿ ಇಂಧನ ಹೆಚ್ಚು, ಗಾಳಿ ಕಡಿಮೆ. ನೀರಿನ ಪಂಪೂ ನಿಧಾನ. ಕೆಳಗಿನ ಗೇರಿಗೆ ಬಂದು ಕಾಲನ್ನು ತುಸು ಹಿಂತೆಗೆದರೆ ಎಂಜಿನ್ನಿನ ಸದ್ದು ಹೆಚ್ಚುತ್ತದೆ, ವಾಹನ ನಿಧಾನವಾಗುತ್ತದೆ, ಆದರೆ ಹೊಗೆಯ ಉಷ್ಣತೆ ಕಣ್ಣೆದುರೇ ಇಳಿಯುತ್ತದೆ. ಮೀಟರಿನ ಮುಖ್ಯ ಪ್ರಯೋಜನವೇ ಇದು: ಉಪದೇಶದಿಂದ ಬದಲಾಗದ ಚಾಲಕ ಅಂಕೆಯನ್ನು ಕಂಡು ಬದಲಾಗುತ್ತಾನೆ.

ಗಾಳಿಯ ಒತ್ತಡವನ್ನು ತೋರುವ ಬೂಸ್ಟ್ ಮೀಟರನ್ನು ಇದರೊಂದಿಗೆ ಸೇರಿಸಿ ಓದಬೇಕು. ವಾಹನ ಸುಸ್ಥಿತಿಯಲ್ಲಿದ್ದಾಗ ಪರಿಚಿತವಾದ ಏರೊಂದರಲ್ಲಿ ಅದು ತೋರುವ ಅಂಕೆಯನ್ನು ಬರೆದಿಟ್ಟುಕೊಳ್ಳಿ. ಮುಂದೊಂದು ದಿನ ಅದೇ ಏರಿನಲ್ಲಿ, ಅದೇ ಭಾರಕ್ಕೆ ಬೂಸ್ಟ್ ಕಡಿಮೆ, ಹೊಗೆಯ ಉಷ್ಣತೆ ಹೆಚ್ಚು, ಹಿಂದೆ ಕಪ್ಪು ಹೊಗೆ ಕಂಡರೆ, ಇಂಟರ್‌ಕೂಲರ್ ಪೈಪಿನ ಕ್ಲಿಪ್ ಸಡಿಲವಾಗಿದೆಯೇ, ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ ಎಂದು ಮೊದಲು ಪರೀಕ್ಷಿಸಿ. ಅಲ್ಪ ಖರ್ಚಿನ ಈ ದೋಷಗಳನ್ನು ಕಡೆಗಣಿಸಿದರೆ ಹೊಸ ಟರ್ಬೊ ಕೊಳ್ಳುವವರೆಗೂ ಹೋಗಬಹುದು.

ಎಣ್ಣೆಯ ಒತ್ತಡಕ್ಕೆ ಬಹುತೇಕ ಪಿಕಪ್‌ಗಳಲ್ಲಿ ಕೆಂಪು ದೀಪ ಮಾತ್ರ ಇರುತ್ತದೆ. ಒತ್ತಡ ಅಪಾಯಕಾರಿಯಾಗಿ ಇಳಿದ ಬಳಿಕವಷ್ಟೇ ಅದು ಬೆಳಗುವುದರಿಂದ, ಕಂಡೊಡನೆ ಸುರಕ್ಷಿತವಾಗಿ ಬದಿಗೆ ತಂದು ಎಂಜಿನ್ ಆರಿಸಬೇಕು. ಮುಂದಿನ ಊರಿನ ಗ್ಯಾರೇಜಿನವರೆಗೆ ಓಡಿಸುವ ಆಲೋಚನೆ ಬೇಡ. ದೀಪ ಹೊತ್ತದಿದ್ದಾಗ ಮಾತ್ರ ಇದಕ್ಕೆ ವ್ಯತಿರಿಕ್ತ ನಿಯಮ: ಏರು ಹತ್ತಿ ನಿಂತೊಡನೆ ಎಂಜಿನ್ ಆರಿಸದೆ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಬೇಕು. ತಕ್ಷಣ ಆರಿಸಿದರೆ ಕಾದ ಟರ್ಬೊದೊಳಗೆ ನಿಂತ ಎಣ್ಣೆ ಸುಟ್ಟು ಕರಿಯಾಗಿ ಬೇರಿಂಗಿಗೆ ಅಂಟುತ್ತದೆ.

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ವಾಹನಗಳಲ್ಲಿ ಇಂತಹ ಅನೇಕ ಸೆನ್ಸರ್‌ಗಳು ಕಾರ್ಖಾನೆಯಿಂದಲೇ ಬಂದಿರುತ್ತವೆ. ಅಪಾಯ ಕಂಡಾಗ ಎಂಜಿನ್ನಿನ ಕಂಪ್ಯೂಟರ್ ತಾನಾಗಿಯೇ ಶಕ್ತಿಯನ್ನು ತಗ್ಗಿಸುವುದುಂಟು. ಸ್ಟಿಯರಿಂಗ್ ಬಳಿಯ ಓಬಿಡಿ ಸಾಕೆಟ್ಟಿಗೆ ಸಣ್ಣ ಸ್ಕ್ಯಾನರ್ ಜೋಡಿಸಿದರೆ ನೀರಿನ ನಿಖರ ಉಷ್ಣತೆಯನ್ನೂ, ಹಲವು ವಾಹನಗಳಲ್ಲಿ ಬೂಸ್ಟನ್ನೂ ಮೊಬೈಲಿನಲ್ಲೇ ನೋಡಬಹುದು. ಹೊಸ ವಾಹನವುಳ್ಳ ಸದಸ್ಯರು ಆರಂಭಿಸಬೇಕಾದದ್ದು ಇಲ್ಲಿಂದ.

ಮಾಲೀಕರ ಪಾತ್ರವನ್ನೂ ಹೇಳದಿರಲಾಗದು. ಸಂಜೆಯೊಳಗೆ ಮಾಲು ತಲುಪಲೇಬೇಕೆಂದು ಗಂಟೆಗೊಮ್ಮೆ ಫೋನ್ ಮಾಡಿ, ಎಂಜಿನ್ ಕೆಟ್ಟ ಮೇಲೆ ಚಾಲಕನ ಸಂಬಳದಲ್ಲಿ ಮುರಿದುಕೊಳ್ಳುವುದು ನ್ಯಾಯವಲ್ಲ. ಘಾಟಿಯ ಪ್ರಯಾಣಕ್ಕೆ ಒಂದು ಗಂಟೆ ಹೆಚ್ಚು ಸಮಯ ಕೊಡುವುದು, ಕೈಪಿಡಿಯಲ್ಲಿರುವ ಟ್ರೈಲರ್ ಭಾರದ ಮಿತಿಯನ್ನು ಮೀರದಿರುವುದು, ಟ್ರೈಲರಿನ ನೋಂದಣಿ ಹಾಗೂ ವಿಮೆಯನ್ನು ಕ್ರಮಬದ್ಧವಾಗಿರಿಸುವುದು ಮಾಲೀಕರ ಹೊಣೆ. ಇಳಿಜಾರಿನಲ್ಲಿ ಬ್ರೇಕ್ ಎಷ್ಟು ಕಾದಿದೆಯೆಂದು ತಿಳಿಸುವ ಮೀಟರ್ ಈ ಪಿಕಪ್‌ಗಳಲ್ಲಿ ಇರುವುದಿಲ್ಲ. ಅಲ್ಲಿಯೂ ಕೆಳಗಿನ ಗೇರಿನಲ್ಲೇ ಇಳಿಯಬೇಕು.