ಗುಂಯ್ ಸದ್ದಿನ ಬೆನ್ನು ಹತ್ತಿದವರು
ಅಗ್ಗದ ಗಿಟಾರ್ ಆಂಪ್ಲಿಫೈಯರ್ ಗುಂಯ್‌ಗುಟ್ಟತೊಡಗಿದರೆ ಎಲ್ಲರೂ ಮೊದಲು ದೂರುವುದು ವಾಲ್ವನ್ನು. ಅದು ಅನ್ಯಾಯ. ಬೆಂಗಳೂರಿನ ಪೀಣ್ಯದ ಮಗ್ಗುಲಲ್ಲೇ ಇರುವ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆಗೆ ಇಳಿಯಿತು. ಅದರ ಇಸಿಸಿ83, ಇಎಲ್84 ವಾಲ್ವ್‌ಗಳನ್ನು ಗಿಟಾರ್ ನುಡಿಸುವವರು ಈಗಲೂ ಹುಡುಕಿ ಕೊಳ್ಳುತ್ತಾರೆ. ಅಂಥದೊಂದು ಇಸಿಸಿ83ಯನ್ನು ಬೆಳಕಿಗೆ ಹಿಡಿದು ನೋಡಿ. ಬೂದು ಪ್ಲೇಟಿನ ನಡುವೆ ಸಣ್ಣ ನಿಕ್ಕಲ್ ಕೊಳವೆ, ಅದರ ತುದಿಯಲ್ಲಿ ಇಣುಕುವ ಬಿಳಿ ಲೇಪನದ ತೆಳು ತಂತಿ. ಸದ್ದಡಗಿಸುವ ಉಪಾಯವಿರುವುದು ಈ ಜೋಡಿಯಲ್ಲೇ.

1920ರ ದಶಕದ ಆರಂಭದ ರೇಡಿಯೊಗಳಲ್ಲಿ ಈ ಕೊಳವೆ ಇರಲಿಲ್ಲ. ಕಾದ ತಂತಿಯೇ ನೇರವಾಗಿ ಎಲೆಕ್ಟ್ರಾನ್ ಹೊಮ್ಮಿಸುತ್ತಿತ್ತು. ಅದಕ್ಕೆ ಮನೆಯ ಎ.ಸಿ. ಕರೆಂಟು ಕೊಟ್ಟರೆ ಅದರ ಏರಿಳಿತವೆಲ್ಲ ಸ್ಪೀಕರಿಗೆ ಬಂದು ಹಾಡು ಮುಳುಗಿಹೋಗುತ್ತಿತ್ತು. ಹಾಗಾಗಿ ಆಸಿಡ್ ಬ್ಯಾಟರಿ ಬೇಕಿತ್ತು. ಅದನ್ನು ಮತ್ತೆ ಮತ್ತೆ ಚಾರ್ಜ್ ಮಾಡಿಸಬೇಕು, ಆಸಿಡ್ ಚೆಲ್ಲಿದರೆ ಹಾಸಿದ ಜಮಖಾನ ಹಾಳು.

ಕಾಯಿಸುವ ತಂತಿಯೇ ಬೇರೆ, ಎಲೆಕ್ಟ್ರಾನ್ ಹೊಮ್ಮಿಸುವ ಮೈಯೇ ಬೇರೆ ಇರಲಿ ಎಂಬುದು ವೆಸ್ಟರ್ನ್ ಎಲೆಕ್ಟ್ರಿಕ್‌ನ ನಿಕೊಲ್ಸನ್‌ಗೆ ಮೊದಲೇ ಹೊಳೆದಿತ್ತು. ಅದನ್ನು ಮನೆ ರೇಡಿಯೊಗೆ ಒಗ್ಗಿಸಲು ಹಟ ಹಿಡಿದು ಕೂತವನು ಅಮೆರಿಕದ ಪಿಟ್ಸ್‌ಬರ್ಗ್‌ನ ಫ್ರೆಡರಿಕ್ ಮೆಕಲಾ. 1924ರಲ್ಲಿ ಆ ವಾಲ್ವನ್ನು ಕಂಡ ಟೊರಾಂಟೊದ ಎಡ್ವರ್ಡ್ ರೋಜರ್ಸ್ ಕೆನಡಾದ ಮಟ್ಟಿಗೆ ಅದರ ಹಕ್ಕು ಕೊಂಡುಕೊಂಡ. ಆಗವನಿಗೆ ಇಪ್ಪತ್ತನಾಲ್ಕರ ಆಸುಪಾಸಿನ ಹರೆಯ. ವಾಲ್ವನ್ನು ತಿದ್ದಿ ತೀಡಿ, 1925ರಲ್ಲಿ ಬ್ಯಾಟರಿಯಿಲ್ಲದ ರೇಡಿಯೊವನ್ನು ಮಾರುಕಟ್ಟೆಗೆ ತಂದೇಬಿಟ್ಟ.

ಆ ವಾಲ್ವಿನಲ್ಲಿ ನನಗೆ ಬಹಳ ಇಷ್ಟವಾಗುವುದು ಒಂದು ಸಂಗತಿ: ಕಾಯಿಸುವ ತಂತಿಗಳನ್ನು ಬುಡದಲ್ಲಿ ಜೋಡಿಸದೆ ಬುರುಡೆಯ ನೆತ್ತಿಯಿಂದ ಇಳಿಸಿದ್ದರು. ಹಾಡಿನ ಸಂಕೇತ ಒಳಬರುವ ಗ್ರಿಡ್ಡಿನ ತಂತಿಯ ಹತ್ತಿರ ಎ.ಸಿ. ಸುಳಿಯಬಾರದು ಎಂಬ ಎಚ್ಚರ ಅದು. ನೂರು ವರ್ಷ ಕಳೆದರೂ ಅಗ್ಗದ ಆಂಪ್ಲಿಫೈಯರ್‌ಗಳು ಎಡವುವುದು ಇಲ್ಲೇ. ಕಾಯಿಸುವ ತಂತಿಗೆ, ಅಂದರೆ ಹೀಟರಿಗೆ, ಕರೆಂಟು ತರುವ ಎರಡು ತಂತಿಗಳನ್ನು ಹೆಣೆಯದೆ ಗ್ರಿಡ್ಡಿನ ಪಕ್ಕದಲ್ಲೇ ಎಳೆದಿರುತ್ತಾರೆ. ಇಸಿಸಿ83ಯ ವರ್ಧನಾಂಕ ಸುಮಾರು 100. ಗ್ರಿಡ್ಡಿಗೆ ತಗುಲಿದ ಚೂರು ಎ.ಸಿ.ಯೂ ಹಿಗ್ಗದೆ ಬಿಡುವುದಿಲ್ಲ.

ಸದ್ದಿನ ಮೂಲ ಹಿಡಿಯಲು ಗಿಟಾರೇ ಸಾಕು. ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ. ಅದು 98 ಹರ್ಟ್ಸ್. ಗುಂಯ್ ಸದ್ದು ಹೆಚ್ಚುಕಡಿಮೆ ಅದೇ ಸ್ವರದಲ್ಲಿದ್ದರೆ, ಅಂದರೆ 100 ಹರ್ಟ್ಸ್ ಆಗಿದ್ದರೆ, ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ ಅನುಮಾನ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, 50ರಲ್ಲಿದ್ದರೆ, ಹೀಟರ್ ತಂತಿ ಇಲ್ಲವೇ ಅರ್ಥಿಂಗ್. ಹೀಟರ್ ತಂತಿಗಳನ್ನು ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿ ಕೂರಿಸಬೇಕು. ಹೀಟರ್ ವೈಂಡಿಂಗಿಗೆ ಸೆಂಟರ್ ಟ್ಯಾಪ್ ಇರದೆ, ಒಂದು ತುದಿಯನ್ನು ಚಾಸಿಗೆ ಕಟ್ಟಿದ್ದರೆ ಅದನ್ನು ಬಿಡಿಸಿ, ಎರಡೂ ತುದಿಗಳಿಂದ ಒಂದೊಂದು 100 ಓಮ್ ರೆಸಿಸ್ಟರನ್ನು ಗ್ರೌಂಡಿಗೆ ಕೊಡಬೇಕು. ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸಾಮಾನು. ಕೈಹಾಕುವ ಮುನ್ನ ಪ್ಲಗ್ ಕಿತ್ತು, ಕೆಪಾಸಿಟರ್‌ಗಳ ಚಾರ್ಜ್ ಇಳಿಸಿ, ಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. ಸ್ವಿಚ್ ಆರಿಸಿದ ಮೇಲೂ ಅಲ್ಲಿ ಮುನ್ನೂರು ವೋಲ್ಟ್ ಉಳಿದಿರಬಹುದು.