ಬಾಲ್ಕನಿಯಿಂದ ಕೆರೆಗೆ: ಒಂದು ಬಜೆಟ್ ಜೂಮ್ ಲೆನ್ಸ್ ಕೊಂಡ ಕತೆ

"ಅದೆಂತ ಹಕ್ಕಿ ನೋಡೇ ಮಾರಾಯ್ತಿ, ನಂಗೆ ಸರಿ ಕಾಣ್ತಿಲ್ಲ."

ಬ್ರೂಕ್‌ಫೀಲ್ಡ್‌ನ ನಮ್ಮ ಏಳನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಅಪ್ಪ ಹೀಗೆ ಕೇಳಿದಾಗ ನಾನು ಲ್ಯಾಪ್‌ಟಾಪ್ ಮುಂದೆ ಮೀಟಿಂಗ್‌ನಲ್ಲಿದ್ದೆ. "ಆಮೇಲೆ ನೋಡ್ತೀನಿ ಅಪ್ಪ" ಅಂದೆ. ಮೀಟಿಂಗ್ ಮುಗಿಯುವಷ್ಟರಲ್ಲಿ ಹಕ್ಕಿಯೂ ಇರಲಿಲ್ಲ, ಅಪ್ಪನೂ ಒಳಗೆ ಹೋಗಿ ಮಲಗಿದ್ದರು.

ಅಮ್ಮ ಹೋದ ಮೇಲೆ ಅಪ್ಪನನ್ನು ತೀರ್ಥಹಳ್ಳಿಯಿಂದ ಕರ್ಕೊಂಡು ಬಂದು ಎಂಟು ತಿಂಗಳಾಗಿತ್ತು. ಊರಲ್ಲಿ ದಿನವಿಡೀ ಮಾತಾಡ್ತಿದ್ದ ಮನುಷ್ಯ ಇಲ್ಲಿ ಊಟ, ಮಾತ್ರೆ, ಟಿವಿ ಬಿಟ್ಟರೆ ಬೇರೆ ಮಾತೇ ಇಲ್ಲದ ಹಾಗೆ ಆಗಿದ್ದರು. ಆ ದಿನ ಅವರಾಗೇ ಕೇಳಿದ್ದು ಅದೊಂದೇ ಪ್ರಶ್ನೆ. ಅದಕ್ಕೂ ನಾನು "ಆಮೇಲೆ" ಅಂದಿದ್ದೆ.

ಮನೆಯಲ್ಲಿ ಕ್ಯಾನನ್ 200ಡಿ ಕ್ಯಾಮೆರಾ ಇತ್ತು. ಮದುವೆಯಾದ ಹೊಸದರಲ್ಲಿ ಕೊಂಡು ಕಪಾಟಿನಲ್ಲಿ ಇಟ್ಟಿದ್ದು. ಅದಕ್ಕಿದ್ದದ್ದು 18-55 ಕಿಟ್ ಲೆನ್ಸ್ ಮಾತ್ರ. ಒಂದು ಟೆಲಿಫೋಟೊ ಜೂಮ್ ತಂದರೆ ಅಪ್ಪನಿಗೆ ಕಾಣದ ಹಕ್ಕಿಯನ್ನು ಸಂಜೆ ಟಿವಿ ಪರದೆ ಮೇಲೆ ತೋರಿಸಬಹುದಲ್ಲ ಅಂತ ಅನ್ನಿಸಿತು. ನನ್ನ ಗಂಡ ಹೇಳಿದ ಬಜೆಟ್ ಇಪ್ಪತ್ತು ಸಾವಿರ. ಫ್ಲ್ಯಾಟಿನ ಇಎಂಐ ಕಟ್ಟುತ್ತಿರುವ ಯಾರಿಗಾದರೂ ಅದಕ್ಕಿಂತ ಮೇಲೆ ಹೋಗೋಕೆ ಧೈರ್ಯ ಬರೋದು ಕಷ್ಟ.

ಬಾಲ್ಕನಿಯ ಲೆಕ್ಕ

ಮೊದಲು ನಾನೂ ಎಲ್ಲರ ಹಾಗೆ ದೊಡ್ಡ ನಂಬರಿನ ಹಿಂದೆ ಬಿದ್ದೆ. 300 ಬೇಕಾ, 400 ಬೇಕಾ, 600 ಬೇಕಾ? ಎಷ್ಟು ಎಂಎಂ ಜಾಸ್ತಿಯೋ ಹಕ್ಕಿ ಅಷ್ಟು ಹತ್ತಿರ ಅನ್ನೋದಷ್ಟೇ ನನಗೆ ಗೊತ್ತಿದ್ದದ್ದು. ಸಿಗ್ಮಾ ಮತ್ತು ಟ್ಯಾಮ್ರಾನ್ ಕಂಪನಿಗಳ 150-600 ಲೆನ್ಸ್‌ಗಳನ್ನು ನೋಡಿ ಕಣ್ಣು ಅರಳಿತು, ಬೆಲೆ ನೋಡಿ ಮುಚ್ಚಿಕೊಂಡಿತು. "ನೋ ಕಾಸ್ಟ್ ಇಎಂಐ" ಬಟನ್ ಒಂದೆರಡು ಸಲ ಒತ್ತಿ ವಾಪಸ್ ಬಂದಿದ್ದೂ ಉಂಟು.

ಕೊಳ್ಳುವ ಮುಂಚೆ ಬಾಡಿಗೆಗೆ ತಂದು ನೋಡು ಅಂತ ಆಫೀಸಿನ ಗೆಳತಿ ಹೇಳಿದಳು. ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರಿಗೆ ಬರವಿಲ್ಲ. ಗುರುತಿನ ಚೀಟಿ, ಡೆಪಾಸಿಟ್ ಕೊಟ್ಟರೆ ವಾರಾಂತ್ಯಕ್ಕೆ ಸಿಗುತ್ತದೆ. ಶನಿವಾರ 150-600 ಒಂದು ಮನೆಗೆ ಬಂತು. ತೂಕ ಸುಮಾರು ಎರಡು ಕೆಜಿ! ಅಪ್ಪ ಎತ್ತಿ ನೋಡಿ, "ಇದೆಂತದೇ, ಕೋವಿ ಇದ್ದ ಹಾಗಿದೆ" ಅಂತ ಕೆಳಗಿಟ್ಟರು.

ಬಾಲ್ಕನಿಯಿಂದ ಕುಂದಲಹಳ್ಳಿ ಕೆರೆಯ ಅಂಚಿನ ಮರಕ್ಕೆ ಸುಮಾರು 150 ಮೀಟರ್ ದೂರ. ಅಷ್ಟುದ್ದದ ಲೆನ್ಸಿನಲ್ಲಿ ನೋಡಿದರೂ ಹಕ್ಕಿ ಒಂದು ಚುಕ್ಕೆ. ಬೆಳಗ್ಗೆ ಹತ್ತು ಗಂಟೆಯ ಮೇಲಂತೂ ಬಿಸಿಗಾಳಿ ನಡುಗಿ ಚಿತ್ರವೆಲ್ಲ ಕದಡಿದ ನೀರಿನ ಹಾಗೆ. ಆಗ ಕಾಗದ ಪೆನ್ನು ಹಿಡಿದೆ.

ಲೆಕ್ಕ ಸುಲಭ. ಹಕ್ಕಿಯ ಗಾತ್ರವನ್ನು ಲೆನ್ಸಿನ ಎಂಎಂನಿಂದ ಗುಣಿಸಿ, ದೂರದಿಂದ ಭಾಗಿಸಿದರೆ ಸೆನ್ಸರ್ ಮೇಲೆ ಹಕ್ಕಿ ಎಷ್ಟು ದೊಡ್ಡದಾಗಿ ಬೀಳುತ್ತದೆ ಅಂತ ಸಿಗುತ್ತದೆ. ಗದ್ದೆ ಮಿಂಚುಳ್ಳಿ ಸುಮಾರು 28 ಸೆಂಟಿಮೀಟರ್ ಉದ್ದ. 150 ಮೀಟರ್ ದೂರದಲ್ಲಿ, 600 ಎಂಎಂ ಲೆನ್ಸಿನಲ್ಲಿ ಅದು ಸೆನ್ಸರ್ ಮೇಲೆ ಒಂದು ಮಿಲಿಮೀಟರ್ ಚಿಲ್ಲರೆ. ನನ್ನ ಕ್ಯಾಮೆರಾದ ಸೆನ್ಸರ್ ಎತ್ತರ ಸುಮಾರು 15 ಮಿಲಿಮೀಟರ್. ಅಂದರೆ ಚಿತ್ರದ ಎತ್ತರದಲ್ಲಿ ಹದಿಮೂರನೇ ಒಂದು ಭಾಗ.

ಅದೇ ಹಕ್ಕಿ 20 ಮೀಟರ್ ದೂರದಲ್ಲಿದ್ದರೆ? 250 ಎಂಎಂ ಲೆನ್ಸಿನಲ್ಲೇ ಮೂರೂವರೆ ಮಿಲಿಮೀಟರ್, ಹತ್ತಿರ ಹತ್ತಿರ ಕಾಲು ಭಾಗ. ಸ್ವಲ್ಪ ಕ್ರಾಪ್ ಮಾಡಿದರೆ ಟಿವಿ ತುಂಬ ಮಿಂಚುಳ್ಳಿ.

ದೂರವನ್ನು ಅರ್ಧ ಮಾಡೋದೂ ಒಂದೇ, ಲೆನ್ಸಿನ ಉದ್ದವನ್ನು ಎರಡರಷ್ಟು ಮಾಡೋದೂ ಒಂದೇ. ಒಂದಕ್ಕೆ ಕಾಲು ಸಾಕು, ಇನ್ನೊಂದಕ್ಕೆ ಲಕ್ಷ ಬೇಕು. ನಾನು ಇಷ್ಟು ದಿನ ಬಾಲ್ಕನಿಯಲ್ಲಿ ಕೂತೇ ಸಮಸ್ಯೆ ಬಗೆಹರಿಸೋಕೆ ಹೊರಟಿದ್ದೆ. ಅಪ್ಪನನ್ನು ಕೆರೆಗೆ ಕರ್ಕೊಂಡು ಹೋಗೋ ಯೋಚನೆಯೇ ಬಂದಿರಲಿಲ್ಲ.

ಉದ್ದಕ್ಕಿಂತ ಮೊದಲು ಸ್ಥಿರತೆ

ಮುಂದಿನ ವಾರ ಸಹೋದ್ಯೋಗಿಯೊಬ್ಬರ ಹಳೇ ಟೆಲಿಫೋಟೊ ಜೂಮ್ ಒಂದನ್ನು ಎರವಲು ತಂದು ಕೆರೆಗೆ ಹೋದೆವು. ತೆಗೆದ ನೂರು ಫೋಟೊದಲ್ಲಿ ತೊಂಬತ್ತು ಮಸುಕು. ಅಪ್ಪ ತೆಗೆದದ್ದಂತೂ ಪೂರಾ. "ನನ್ನ ಕೈ ನಡುಗ್ತದೆ, ನಂಗೆ ಬೇಡ ಬಿಡು" ಅಂದರು.

ಆ ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇರಲಿಲ್ಲ. ಇದನ್ನು ಕ್ಯಾನನ್ ಐಎಸ್ ಅನ್ನುತ್ತದೆ, ನಿಕಾನ್ ವಿಆರ್, ಸೋನಿ ಒಎಸ್‌ಎಸ್, ಸಿಗ್ಮಾ ಒಎಸ್, ಟ್ಯಾಮ್ರಾನ್ ವಿಸಿ. ಹೆಸರು ಬೇರೆ, ಕೆಲಸ ಒಂದೇ. ಲೆನ್ಸಿನೊಳಗಿನ ಒಂದು ಗಾಜಿನ ಗುಂಪು ನಮ್ಮ ಕೈ ಅಲುಗಿದ ಹಾಗೆಲ್ಲ ಎದುರು ದಿಕ್ಕಿಗೆ ಸರಿದು ಚಿತ್ರವನ್ನು ನಿಲ್ಲಿಸುತ್ತದೆ.

ಜೂಮ್ ಮಾಡಿದಷ್ಟೂ ನಡುಕವೂ ಜೂಮ್ ಆಗುತ್ತದೆ. ನಮ್ಮಂಥ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 250 ಎಂಎಂನ ನೋಟ ದೊಡ್ಡ ಸೆನ್ಸರಿನ 400 ಎಂಎಂಗೆ ಸಮ. ಈ ವ್ಯವಸ್ಥೆ ಇಲ್ಲದಿದ್ದರೆ ಶಟರ್ ವೇಗ 1/400 ಸೆಕೆಂಡಿಗಿಂತ ಕಡಿಮೆ ಇರಬಾರದು ಅನ್ನೋದು ಹಳೇ ಲೆಕ್ಕ. ಮೋಡದ ಮುಂಜಾನೆಯಲ್ಲಿ ಅಷ್ಟು ಬೆಳಕು ಎಲ್ಲಿಂದ ಬರಬೇಕು?

ಒಂದು ಎಚ್ಚರಿಕೆ: ಐಎಸ್ ನಿಲ್ಲಿಸೋದು ನಮ್ಮ ನಡುಕವನ್ನು, ಹಕ್ಕಿಯ ಹಾರಾಟವನ್ನಲ್ಲ. ಹಾರುವ ಬೆಳ್ಳಕ್ಕಿಗೆ 1/1000 ಅಥವಾ ಅದಕ್ಕಿಂತ ಹೆಚ್ಚಿನ ವೇಗ ಬೇಕೇ ಬೇಕು. ಅದಕ್ಕೆ ಐಎಸ್‌ಒ ಏರಿಸಿ. ಫೋಟೊದಲ್ಲಿ ಸ್ವಲ್ಪ ಕಾಳುಕಾಳು ಬಂದರೂ ಪರವಾಗಿಲ್ಲ, ಮಸುಕನ್ನು ಮಾತ್ರ ಆಮೇಲೆ ಸರಿ ಮಾಡೋಕಾಗಲ್ಲ.

ಬಜೆಟ್ಟಿನೊಳಗೆ ಯಾವುದು?

ಇಲ್ಲಿ ಹೆಸರುಗಳನ್ನು ಅಕ್ಷರ ಅಕ್ಷರ ಓದಬೇಕು.

ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದರೆ ಅಗ್ಗದಲ್ಲಿ ಎರಡು ಹೆಸರು ಎದುರಾಗುತ್ತವೆ. 75-300 ಮತ್ತು 55-250. ಮೊದಲನೆಯದರ ನಂಬರ್ ದೊಡ್ಡದು, ಆದರೆ 75-300 ಮೂರನೇ ಆವೃತ್ತಿಯಲ್ಲಿ ಐಎಸ್ ಇಲ್ಲ. 2013ರಲ್ಲಿ ಬಂದ 55-250 ಐಎಸ್ ಎಸ್‌ಟಿಎಂನಲ್ಲಿ ಇದೆ. ಮೋಟಾರು ಸದ್ದಿಲ್ಲದೆ ಫೋಕಸ್ ಮಾಡುತ್ತದೆ, ತೂಕ 375 ಗ್ರಾಂ, 85 ಸೆಂಟಿಮೀಟರ್‌ನಷ್ಟು ಹತ್ತಿರದ ಚಿಟ್ಟೆಯನ್ನೂ ಹಿಡಿಯುತ್ತದೆ. ಐವತ್ತು ಎಂಎಂ ಕಳಕೊಂಡು ಇಷ್ಟೆಲ್ಲ ಸಿಕ್ಕರೆ ಲಾಭವೇ.

ನಿಕಾನ್‌ನಲ್ಲಿ ಎಎಫ್-ಪಿ ಡಿಎಕ್ಸ್ 70-300 ಎರಡು ಥರ ಇದೆ, ವಿಆರ್ ಇರುವುದು ಮತ್ತು ಇಲ್ಲದ್ದು. ನೋಡೋಕೆ ಎರಡೂ ಅವಳಿ ಜವಳಿ. ಹೆಸರಿನಲ್ಲಿ ವಿಆರ್ ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ. ಇನ್ನೊಂದು ವಿಷಯ, ಈ ಎಎಫ್-ಪಿ ಲೆನ್ಸ್ ಡಿ90, ಡಿ3100, ಡಿ3200, ಡಿ5100 ಥರದ ಹಳೇ ಕ್ಯಾಮೆರಾಗಳಿಗೆ ಹೊಂದುವುದಿಲ್ಲ, ಆಟೊಫೋಕಸ್ ನಡೆಯುವುದಿಲ್ಲ.

ಹೊಸ ಮಿರರ್‌ಲೆಸ್ ಇದ್ದವರಿಗೆ ಕ್ಯಾನನ್ ಆರ್‌ಎಫ್-ಎಸ್ 55-210, ನಿಕಾನ್ ಝಡ್ ಡಿಎಕ್ಸ್ 50-250, ಸೋನಿ ಇ 55-210 ಇವೆ. ಮೂರರಲ್ಲೂ ನಡುಕ ತಡೆಯುವ ವ್ಯವಸ್ಥೆ ಉಂಟು.

ಈ ದರದ ಲೆನ್ಸುಗಳಿಗೆಲ್ಲ ಒಂದು ಕೊರತೆ ಇದೆ. ಪೂರ್ತಿ ಜೂಮ್ ಮಾಡಿದಾಗ ಬೆಳಕಿನ ಬಾಗಿಲು ಎಫ್/5.6 ಅಥವಾ ಅದಕ್ಕಿಂತ ಕಿರಿದು. ದುಬಾರಿ ಎಫ್/2.8 ಲೆನ್ಸ್ ಇದರ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ನಾವು ದುಡ್ಡು ಕೊಟ್ಟು ಕೊಳ್ಳಲಾಗದ ಬೆಳಕನ್ನು ಬೇಗ ಎದ್ದು ಪಡೆಯಬೇಕು. ಏಳರಿಂದ ಒಂಬತ್ತು ಗಂಟೆಯ ಎಳೆಬಿಸಿಲು ಪುಕ್ಕಟೆ.

ಬೂಷ್ಟು ಕಂಡುಹಿಡಿದ ಅಪ್ಪ

ಹೊಸದು ಬಜೆಟ್ಟಿನ ಅಂಚಿಗೆ ಬರುತ್ತಿತ್ತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಆನ್‌ಲೈನಿನಲ್ಲಿ ಜಾಹೀರಾತು ಹಾಕಿದ್ದ ಒಬ್ಬರ ಮನೆಗೆ ಅಪ್ಪನನ್ನೂ ಕರ್ಕೊಂಡು ಹೋದೆ. ಲೆನ್ಸ್ ಹೊರಗಿನಿಂದ ಫಳಫಳ ಅಂತಿತ್ತು. ನಾನು ಫೋನಿನ ಟಾರ್ಚ್ ಹಾಕಿ ಹಿಂದಿನಿಂದ ಬೆಳಕು ಬಿಟ್ಟೆ. ಅಪ್ಪ ಕನ್ನಡಕ ಏರಿಸಿ ನೋಡಿ, ಮೆಲ್ಲಗೆ ನನ್ನ ಕಿವಿಯಲ್ಲಿ ಅಂದರು: "ಬೂಷ್ಟು ಹಿಡಿದದೆ ಕಣೇ. ಮಳೆಗಾಲದಲ್ಲಿ ನಮ್ಮ ಪುಸ್ತಕಕ್ಕೆ ಹಿಡೀತದಲ್ಲ, ಹಂಗೇ."

ಗಾಜಿನ ಒಳಗೆ ಜೇಡರ ಬಲೆಯಂಥ ಸಣ್ಣ ಎಳೆಗಳು. ಫಂಗಸ್! ಸ್ವಚ್ಛ ಮಾಡಿಸುವ ಖರ್ಚು ಅಗ್ಗದ ಲೆನ್ಸಿನ ಬೆಲೆಯ ಹತ್ತಿರವೇ ಬಂದುಬಿಡಬಹುದು. ಕೈ ಮುಗಿದು ಬಂದೆವು. ಮೆಟ್ರೋದಲ್ಲಿ ವಾಪಸ್ ಬರುವಾಗ ಅಪ್ಪನ ಮುಖದಲ್ಲಿ ಏನೋ ಗೆದ್ದ ಕಳೆ ಇತ್ತು.

ನೀವು ಹಳೇ ಲೆನ್ಸ್ ಕೊಳ್ಳುವುದಾದರೆ ಇಷ್ಟು ಮಾಡಿ:

• ಟಾರ್ಚ್ ಬೆಳಕಲ್ಲಿ ಎರಡೂ ಕಡೆಯಿಂದ ಗಾಜು ನೋಡಿ. ಎರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಎಳೆ ಅಥವಾ ಮಂಜು ಕಂಡರೆ ಬೇಡ.

• ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ. ಶಟರ್ ಅರ್ಧ ಒತ್ತಿದಾಗ ಚಿತ್ರ ಗಕ್ಕನೆ ನಿಂತರೆ ಐಎಸ್ ಜೀವಂತ.

• ಜೂಮ್ ರಿಂಗ್ ಪೂರ್ತಿ ತಿರುಗಿಸಿ. ಎಲ್ಲೂ ಸಿಕ್ಕಿಹಾಕಿಕೊಳ್ಳಬಾರದು, ಕರಕರ ಅನ್ನಬಾರದು.

• ಗೋಡೆಗೆ ದಿನಪತ್ರಿಕೆ ಅಂಟಿಸಿ, ಪೂರ್ತಿ ಜೂಮಿನಲ್ಲಿ ನೇರ ಎದುರು ನಿಂತು ಫೋಟೊ ತೆಗೆಯಿರಿ. ಒಂದು ಬದಿಯ ಅಕ್ಷರ ಸ್ಪಷ್ಟ, ಇನ್ನೊಂದು ಬದಿ ಮಸುಕು ಬಂದರೆ ಅದು ಬಿದ್ದು ಪೆಟ್ಟಾದ ಲೆನ್ಸ್ ಇರಬಹುದು.

• ಬಿಲ್ ಕೇಳಿ, ಅದರಲ್ಲಿರುವ ಸೀರಿಯಲ್ ನಂಬರ್ ಲೆನ್ಸಿನ ಜೊತೆ ತಾಳೆ ನೋಡಿ.

ಮೂರನೇ ಪ್ರಯತ್ನದಲ್ಲಿ 55-250 ಎಸ್‌ಟಿಎಂ ಸಿಕ್ಕಿತು. ಹನ್ನೊಂದು ಸಾವಿರ. ಉಳಿದ ದುಡ್ಡಲ್ಲಿ ಲೆನ್ಸ್ ಹುಡ್, ಒಂದು ಬೀನ್ ಬ್ಯಾಗ್, ಜೊತೆಗೆ ಗಾಳಿಯಾಡದ ಒಂದು ಡಬ್ಬಿ ಮತ್ತು ಸಿಲಿಕಾ ಜೆಲ್ ಕೊಂಡೆ. ಬೂಷ್ಟಿನ ಪಾಠ ಮರೆಯೋಕಾಗುತ್ತಾ?

ಕೆರೆಯ ದಾರಿಯಲ್ಲಿ

ಈಗ ಶನಿವಾರ, ಭಾನುವಾರ ಬೆಳಗ್ಗೆ ಏಳಕ್ಕೆ ನಾವಿಬ್ಬರೂ ಕೆರೆಯ ದಾರಿಯಲ್ಲಿ. ಕ್ಯಾಮೆರಾ, ಲೆನ್ಸ್ ಎರಡೂ ಸೇರಿ ಒಂದು ಕೆಜಿ ಇಲ್ಲ, ಅಪ್ಪ ಕುತ್ತಿಗೆಗೆ ತಾವೇ ಹಾಕಿಕೊಳ್ಳುತ್ತಾರೆ. ಬೇಲಿಯ ಕಂಬದ ಮೇಲೆ ಬೀನ್ ಬ್ಯಾಗ್ ಇಟ್ಟು, ಅದರ ಮೇಲೆ ಲೆನ್ಸ್ ಊರಿ, ಉಸಿರು ಬಿಗಿ ಹಿಡಿದು ಕ್ಲಿಕ್ ಮಾಡ್ತಾರೆ.

ತೇಜಸ್ವಿಯವರ ಪುಸ್ತಕಗಳನ್ನು ಓದಿ ಬೆಳೆದವರು ಅವರು. ಮೂಡಿಗೆರೆಯ ಕಾಡಿನಲ್ಲಿ ತೇಜಸ್ವಿ ಹಕ್ಕಿ ಫೋಟೊ ತೆಗೆಯುತ್ತಿದ್ದ ರೋಲ್ ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ, ತೊಳೆಸುವ ತನಕ ಏನು ಬಂದಿದೆ ಅಂತ ಗೊತ್ತಿಲ್ಲ. "ನಿಮಗೆಲ್ಲ ಕಾಯೋದೇ ಗೊತ್ತಿಲ್ಲ" ಅಂತ ನನಗೆ ಬೈಗುಳ. ಹಕ್ಕಿಯ ಕಡೆ ನೇರ ನಡೆಯಬೇಡ, ಓರೆಯಾಗಿ ನಡಿ, ನಿಂತು ನಿಂತು ಹೋಗು, ಗೂಡಿನ ಹತ್ತಿರ ಹೋಗಲೇಬೇಡ ಅಂತ ಪಾಠ ಬೇರೆ.

250 ಎಂಎಂಗೆ ಮಿತಿ ಇದೆ. ಕೆರೆಯ ನಡುವಿನ ಗುಳುಮುಳುಕ ನಮಗೆ ಇವತ್ತಿಗೂ ಚುಕ್ಕೆಯೇ. ಅಂಥದ್ದು ಬೇಕಾದ ದಿನ ದೊಡ್ಡದನ್ನು ಬಾಡಿಗೆಗೆ ತಂದರಾಯ್ತು. ಡಿಸೆಂಬರಿನಲ್ಲಿ ರಂಗನತಿಟ್ಟಿಗೆ ಹೋಗೋದು ಅಂತಿದೆ. ಅಲ್ಲಿ ದೋಣಿಯೇ ಹಕ್ಕಿಗಳ ಹತ್ತಿರ ಒಯ್ಯುವುದರಿಂದ ನಮ್ಮ ಪುಟ್ಟ ಲೆನ್ಸ್ ಸಾಕಾಗುತ್ತದೆ.

ಮೂರನೇ ವಾರ ಅಪ್ಪನಿಗೆ ಆ ನೀಲಿ ರೆಕ್ಕೆಯ ಹಕ್ಕಿ ಸಿಕ್ಕಿತು. ಬಾಲ್ಕನಿಯಿಂದ ಕೇಳಿದ್ದು ಅದನ್ನೇ ಅಂತ ಅವರ ವಾದ. ಗದ್ದೆ ಮಿಂಚುಳ್ಳಿ, ಕೊಕ್ಕಿನಲ್ಲಿ ಮಿಡತೆ. ಬಾಲ ಸ್ವಲ್ಪ ಫ್ರೇಮಿನಿಂದ ಹೊರಗೆ. ಸಂಜೆ ಟಿವಿಯಲ್ಲಿ ಹಾಕಿದೆವು. ಆಮೇಲೆ ನನ್ನಿಂದ ಫೋನಿಗೆ ಕಳಿಸಿಕೊಂಡು, ಊರಿನ ಗೆಳೆಯರಿಗೆಲ್ಲ ಫಾರ್ವರ್ಡ್ ಮಾಡಿ, ಒಬ್ಬರಿಗೆ ಫೋನೂ ಮಾಡಿದರು.

"ಹೌದು ಮಾರಾಯಾ, ನಾನೇ ತೆಗ್ದಿದ್ದು. ಎಲ್ಲಿ ಅಂದ್ರೆ? ಇಲ್ಲೇ, ನಮ್ಮನೆ ಹತ್ರದ ಕೆರೇಲಿ."

ಎಂಟು ತಿಂಗಳಿಂದ "ನಿಮ್ಮನೆ" ಅನ್ನುತ್ತಿದ್ದವರು.