ಐವತ್ತಾರು ಹುಣಸೆಬೀಜ

ದಿಲ್ಲಿಗೆ ಶರದೃತು ಬಂದಿತೆಂಬುದನ್ನು ನಮ್ಮ ಮನೆಯಲ್ಲಿ ಪಂಚಾಂಗಕ್ಕಿಂತ ಮೊದಲು ಮೂಗು ತಿಳಿಸುತ್ತದೆ. ಅಕ್ಟೋಬರ್ ತಿಂಗಳ ಒಂದು ಸಂಜೆ ಕಚೇರಿ ಮುಗಿಸಿ, ಬಸ್ಸಿಳಿದು, ಸರಕಾರಿ ವಸತಿಗಳ ರಸ್ತೆಗೆ ತಿರುಗಿದೊಡನೆ ಹಾಲೆಮರದ ಹೂವಿನ ಗಾಢವಾದ ವಾಸನೆ ಎದುರುಗೊಳ್ಳುತ್ತದೆ. ಇಲ್ಲಿಯವರು ಈ ಮರವನ್ನು ಸಪ್ತಪರ್ಣಿ ಎಂದು ಕರೆದು ರಸ್ತೆಯ ಇಕ್ಕೆಲಗಳಲ್ಲಿ ಸಾಲಾಗಿ ನೆಟ್ಟಿದ್ದಾರೆ. ನಮ್ಮ ಮನೆಯಾಕೆಯ ತವರು ಪುತ್ತೂರಿನ ಕಡೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ತಂದ ಇದೇ ಮರದ ತೊಗಟೆಯ ಕಹಿ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿದು ಬೆಳೆದವಳು ಆಕೆ. “ನಮ್ಮೂರಿನಲ್ಲಿ ಮದ್ದು, ಇಲ್ಲಿ ಬರೀ ನೆರಳು” ಎಂದು ಪ್ರತಿವರ್ಷವೂ ಒಮ್ಮೆ ಹೇಳದೆ ಬಿಡುವುದಿಲ್ಲ.

ಆಶ್ವಯುಜ, ಕಾರ್ತಿಕಗಳೆಂದರೆ ಮಕ್ಕಳಿರುವ ಮನೆಗೆ ಹಬ್ಬದ ಸುಗ್ಗಿ. ನಮಗೆ ಇಬ್ಬರು ಮಕ್ಕಳು. ಹಿರಿಯವಳು ಪುಟ್ಟಿ, 2024ರಲ್ಲಿ ಎರಡನೆಯ ತರಗತಿ. ಕಿರಿಯವನಿಗೆ ಆಗ ನಾಲ್ಕು ವರ್ಷ. ಹೆಸರೊಂದನ್ನು ಇಟ್ಟಿದ್ದರೂ ಎಲ್ಲರೂ ಕರೆಯುವುದು ಪಾಪು ಎಂದೇ. ಆ ವರ್ಷದ ನವರಾತ್ರಿಗೆ ಮೂರು ಮೆಟ್ಟಿಲ ಗೊಂಬೆ ಕೂರಿಸಿದೆವು. ಊರಿನಿಂದ ತಂದ ಪಟ್ಟದ ಗೊಂಬೆಗಳು ಎರಡೇ ಆದುದರಿಂದ ಉಳಿದ ಜಾಗವನ್ನು ಪುಟ್ಟಿಯ ಪ್ಲಾಸ್ಟಿಕ್ ಆನೆಗಳೂ ಪಾಪುವಿನ ಹಳದಿ ಬಣ್ಣದ ಕ್ರೇನೂ ತುಂಬಿದವು. ವಿಜಯದಶಮಿಯ ಸಂಜೆ ಮೈದಾನದಲ್ಲಿ ರಾವಣನನ್ನು ಸುಡುವುದನ್ನು ನೋಡಲು ಎಲ್ಲರೂ ಹೋದೆವು. ಹತ್ತು ತಲೆಗಳೂ ಉರಿದು ಬೀಳುತ್ತಿದ್ದಾಗ ಹೆಗಲ ಮೇಲಿದ್ದ ಪಾಪು ಗಾಬರಿಯಿಂದ, “ರಾವಣ್ ಕೀ ಮಮ್ಮೀ ಕಹಾಂ ಹೈ?” ಎಂದು ಕೇಳಿದ.

ಪ್ರಶ್ನೆ ಮುದ್ದಾಗಿತ್ತು, ಭಾಷೆ ನಮ್ಮನ್ನು ಚುಚ್ಚಿತು. ಈ ಪತ್ರಿಕೆಯನ್ನು ಓದುವ ಬಂಧುಗಳಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಕನ್ನಡದಲ್ಲಿ ಕೇಳುತ್ತೇವೆ, ಮಕ್ಕಳು ಹಿಂದಿಯಲ್ಲಿ ಉತ್ತರ ಹೇಳುತ್ತಾರೆ, ಅವಸರದಲ್ಲಿ ನಾವೂ ಹಿಂದಿಗೇ ಜಾರುತ್ತೇವೆ. ಭಾನುವಾರ ಪುತ್ತೂರಿನಿಂದ ಅತ್ತೆಯವರ ಫೋನು ಬಂದರೆ, “ಮಗು ಮಾತಾಡುವುದು ನನಗೆ ಗೊತ್ತೇ ಆಗುವುದಿಲ್ಲ ಮಾರಾಯ್ತಿ” ಎಂದು ಮಗಳೊಡನೆ ಹೇಳಿಕೊಳ್ಳುತ್ತಿದ್ದರು. ಬಿ.ಎ. ತರಗತಿಯಲ್ಲಿ ಕನ್ನಡವನ್ನೇ ಐಚ್ಛಿಕವಾಗಿ ಓದಿದ ನಮಗೆ ಆ ಮಾತು ಕೇಳಿ ತಲೆ ತಗ್ಗಿಸುವಂತಾಗುತ್ತಿತ್ತು.

ದೀಪಾವಳಿ ಬಂತು. ಅಕ್ಟೋಬರ್ 31ರ ನಸುಕಿನಲ್ಲಿ ಮಕ್ಕಳಿಗೆ ಎಣ್ಣೆನೀರು ಎರೆದೆವು. ಮರುದಿನ ರಾಜ್ಯೋತ್ಸವ; ಅದರ ಮರುದಿನ ಬಲಿಪಾಡ್ಯಮಿ. ನಮ್ಮದು ಮೂರು ದಿನದ ಸಡಗರವಾದರೆ ನೆರೆಹೊರೆಯವರ ಹಬ್ಬದ ಜೋರೆಲ್ಲ ಲಕ್ಷ್ಮೀಪೂಜೆಯ ಒಂದೇ ರಾತ್ರಿಯದು. ಆ ರಾತ್ರಿಯ ಪಟಾಕಿಯ ಹೊಗೆ ಬೆಳಗಾದರೂ ಮರಗಳ ಕೆಳಗೆ ಕುಳಿತೇ ಇತ್ತು.

ದಿಲ್ಲಿಯ ಹೊಗೆಗೆ ಕಾರಣ ಪಟಾಕಿಯೊಂದೇ ಅಲ್ಲವೆನ್ನಿ. ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕೊಯ್ಲು ಮುಗಿದು ಗೋಧಿ ಬಿತ್ತುವುದಕ್ಕೆ ರೈತರಿಗೆ ಸಿಗುವುದು ಕೆಲವೇ ವಾರ; ಹೊಲದ ಕೂಳೆಯನ್ನು ಸುಟ್ಟುಬಿಡುವುದು ಅವರಿಗೆ ಅಗ್ಗದ ದಾರಿ. ವಾಯವ್ಯದ ಗಾಳಿ ಆ ಹೊಗೆಯನ್ನು ಇತ್ತ ತರುತ್ತದೆ. ಇಲ್ಲಿ ಮೊದಲೇ ವಾಹನಗಳ ಹೊಗೆಯೂ ಕಟ್ಟಡ ಕೆಲಸದ ಧೂಳೂ ಉಂಟು. ಚಳಿ ಶುರುವಾದಾಗ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದಂತೆ ಕುಳಿತರೆ ಹೊಗೆಗೆ ಮೇಲೇರುವ ದಾರಿಯೇ ಇಲ್ಲ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು, ಎಂದರೆ ತಲೆಗೂದಲ ದಪ್ಪದ ಸುಮಾರು 30ರಲ್ಲಿ ಒಂದು ಪಾಲಿನವು, ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. ವಾಯುಗುಣದ ಸೂಚ್ಯಂಕದಲ್ಲಿ 50ರ ವರೆಗೆ ಉತ್ತಮ; 400ನ್ನು ದಾಟಿದರೆ ತೀವ್ರ. ಆ ನವೆಂಬರ್ 18ರಂದು ದಿಲ್ಲಿಯಲ್ಲಿ ಅದು 490ನ್ನು ದಾಟಿತು.

ಅದಕ್ಕೆ ಮೂರು ದಿನ ಮೊದಲೇ, 15ನೆಯ ತಾರೀಖಿನಿಂದ, ಪ್ರಾಥಮಿಕ ಶಾಲೆಗಳ ಬಾಗಿಲು ಹಾಕಿ ಪಾಠವನ್ನು ಮನೆಯ ಪರದೆಗೆ ತಂದಿದ್ದರು. ಅದೇ ವಾರ ಒಂದು ರಾತ್ರಿ ಪಾಪುವಿನ ಕೆಮ್ಮು ನಿಲ್ಲಲಿಲ್ಲ. ಎರಡು ಗಂಟೆಯ ಹೊತ್ತಿಗೆ ಎದೆಯಲ್ಲಿ ಸಿಳ್ಳೆಯಂಥ ಸದ್ದು. ಪಕ್ಕೆಗಳ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿತ್ತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಮುಖಕ್ಕೆ ಮುಖವಾಡ ಕಟ್ಟಿ ಮದ್ದಿನ ಆವಿ ಕೊಟ್ಟ ಮೇಲೆ, ಬೆಳಗಿನ ಜಾವಕ್ಕೆ ಮಗು ನಿದ್ದೆಹೋಯಿತು. ವೈದ್ಯರು ವಯಸ್ಸಾದವರು. “ಮದ್ದು ಕೊಡುತ್ತೇನೆ. ಆದರೆ ಸಾಧ್ಯವಿದ್ದರೆ ಕೆಲವು ವಾರ ಈ ಗಾಳಿಯಿಂದ ಹೊರಗೆ ಕರೆದುಕೊಂಡು ಹೋಗಿ” ಎಂದರು.

ಸಾಧ್ಯವಿದ್ದರೆ! ಮನೆಗೆ ಬಂದು ಕಾಗದ, ಪೆನ್ಸಿಲು ಹಿಡಿದು ಕುಳಿತೆವು. ಉಳಿದ ರಜೆ ಎಷ್ಟು, ಕೈಯಲ್ಲಿರುವ ಹಣ ಎಷ್ಟು, ಪುಟ್ಟಿಯ ಶಾಲೆ ಯಾವಾಗ ತೆರೆದೀತು, ಒಂದಕ್ಕೂ ನೆಟ್ಟಗೆ ಉತ್ತರವಿರಲಿಲ್ಲ. ಸದ್ಯಕ್ಕೆ ಕಿಟಕಿಗಳ ಸಂದಿಗೆ ಹಳೆಯ ಪಂಚೆ ತುರುಕಿ ಮನೆಯೊಳಗೇ ಇರುವುದೆಂದು ಆಯಿತು.

ಎರಡು ಕೋಣೆಯ ಮನೆಯಲ್ಲಿ ಆಟಕ್ಕೆ ಬಿಡದ ಇಬ್ಬರು ಮಕ್ಕಳನ್ನು ದಿನವಿಡೀ ಇಟ್ಟುಕೊಳ್ಳುವುದೆಂದರೆ ಏನೆಂಬುದನ್ನು ತಾಯಂದಿರೇ ಬಲ್ಲರು. ಎರಡನೆಯ ದಿನಕ್ಕೇ ಕ್ರೇನಿನ ಕೊಕ್ಕೆ ಮುರಿಯಿತು. ಮೂರನೆಯ ದಿನ ಮನೆಯಾಕೆ ಹುಣಸೆಹಣ್ಣು ಬಿಡಿಸುತ್ತಿದ್ದವಳು ಬೀಜಗಳನ್ನು ಎಸೆಯದೆ ತೊಳೆದಿಟ್ಟಳು. ಸೀಮೆಸುಣ್ಣದಿಂದ ಮೊಸಾಯಿಕ್ ನೆಲದ ಮೇಲೆ ಎರಡು ಸಾಲಿನಲ್ಲಿ ಏಳೇಳು ಮನೆ ಬರೆದಳು. ಅದೇ ಚೆನ್ನೆಮಣೆ, ಹಳೆಯ ಮೈಸೂರಿನ ಕಡೆಯವರಾದ ನಮಗೆ ಅಳಗುಳಿಮನೆ. ಅವಳ ತವರಿನಲ್ಲಿ ಆಟಿ ತಿಂಗಳು ಕಳೆದರೆ ಮಣೆ ಅಟ್ಟಕ್ಕೇರುತ್ತಿತ್ತಂತೆ. ಕಾರ್ತಿಕದಲ್ಲಿ ಆಡಬಹುದೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಅತ್ತೆಯವರು, “ಹೊರಗೆ ಹೋಗಲಿಕ್ಕೆ ಆಗದಷ್ಟು ಮಳೆ ಬರುವ ತಿಂಗಳೇ ಆಟಿ. ನಿಮಗೆ ಈಗಲೇ ಆಟಿ, ಆಡಿ” ಎಂದು ಅಪ್ಪಣೆ ಕೊಟ್ಟರು.

ಹದಿನಾಲ್ಕು ಮನೆ, ಮನೆಗೆ ನಾಲ್ಕು ಬೀಜ, ಒಟ್ಟು ಐವತ್ತಾರು. ಆಟಕ್ಕೆ ಮನೆಯಾಕೆ ಇಟ್ಟ ನಿಯಮ ಒಂದೇ: ಎಣಿಕೆ ಕನ್ನಡದಲ್ಲಿ. ಹಿಂದಿಯಲ್ಲಿ ಎಣಿಸಿದರೆ ಒಂದು ಸರದಿ ಹೋಯಿತು. ಪುಟ್ಟಿಗೆ ‘ಛಪ್ಪನ್’ ಬಾಯಿಗೆ ಬರುತ್ತಿತ್ತು, ಐವತ್ತಾರು ಬರುತ್ತಿರಲಿಲ್ಲ. ಎರಡು ದಿನ ಸೋತು ಅತ್ತಳು. ಆಮೇಲೆ ತಾನಾಗಿಯೇ ಗುಟ್ಟನ್ನು ಕಂಡುಹಿಡಿದಳು. “ಅಪ್ಪಾ, ಐವತ್ತಿಗೆ ಆರು ಅಂಟಿಸಿದರೆ ಆಯ್ತು! ಹಿಂದಿಯಲ್ಲಾದರೆ ಒಂದೊಂದೂ ಬೇರೆ ಬೇರೆ ಬಾಯಿಪಾಠ ಮಾಡಬೇಕು.” ಹೌದಲ್ಲ! ಇಷ್ಟು ವರ್ಷ ಎಣಿಸಿದ ನಮಗೂ ಅದು ಹೊಳೆದಿರಲಿಲ್ಲ.

ಮನೆಗೆಲಸಕ್ಕೆ ಬರುವ ಹೆಂಗಸು ಬಿಹಾರದವಳು. ಶಾಲೆಯಿಲ್ಲವೆಂದು ಏಳು ವರ್ಷದ ಮಗಳನ್ನೂ ಜೊತೆಗೆ ಕರೆತರುತ್ತಿದ್ದಳು. ಅವರಿಗಿದ್ದ ಒಂದೇ ಫೋನು ಗಂಡನ ಕೈಯಲ್ಲಿ; ಪರದೆಯ ಪಾಠ ಆ ಹುಡುಗಿಗೆ ಎಲ್ಲಿಂದ ಬರಬೇಕು? ಪುಟ್ಟಿಯ ಪಾಠ ಮುಗಿದೊಡನೆ ಅವಳೂ ನೆಲದ ಮೇಲೆ ಕುಳಿತುಬಿಡುತ್ತಿದ್ದಳು. ವಾರದೊಳಗೆ ಅವಳೂ “ಒಂದು, ಎರಡು” ಎಂದು ಬೀಜ ಹಂಚತೊಡಗಿದಳು. ಪಾಪುವಂತೂ ಅಕ್ಕಂದಿರಿಬ್ಬರನ್ನೂ ಮೀರಿಸುವ ಹಟದಲ್ಲಿ ಕೆಮ್ಮಿನ ನಡುವೆಯೇ ಎಣಿಸುತ್ತಿದ್ದ.

ತಿಂಗಳ ಕೊನೆಯ ಹೊತ್ತಿಗೆ ಶಾಲೆಗೆ ಬರುವುದೋ ಮನೆಯಿಂದಲೇ ಕಲಿಯುವುದೋ ಎಂಬ ಆಯ್ಕೆಯನ್ನು ಪೋಷಕರಿಗೆ ಬಿಟ್ಟರು. ಪಾಪುವಿಗೆ ಇನ್ನೊಂದು ರಾತ್ರಿ ಎದೆ ಕಟ್ಟಿತು. ಆಗ ನಮ್ಮ ಲೆಕ್ಕ ತಾನಾಗಿಯೇ ಮುಗಿಯಿತು. ಪರದೆಯ ಪಾಠ ಪುತ್ತೂರಿನಲ್ಲೂ ಕೇಳಬಹುದಲ್ಲ! ಪಿ.ಎಫ್. ಮುಂಗಡಕ್ಕೆ ಅರ್ಜಿ ಹಾಕಿ, ನಿಜಾಮುದ್ದೀನ್ ನಿಲ್ದಾಣದಲ್ಲಿ ತಾಯಿಮಕ್ಕಳನ್ನು ಮಂಗಳಾ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿ ಬಂದೆವು. ರಜೆ ಸಾಲದೆ ಉಳಿದುಕೊಂಡ ಕಾರಣ ಮನೆಯಲ್ಲಿ ‘ನಾವು’ ಎಂದರೆ ಒಬ್ಬರೇ.

ಮರುದಿನ ಕೆಲಸದ ಹೆಂಗಸು ನೆಲ ಒರೆಸುತ್ತ ಸೀಮೆಸುಣ್ಣದ ಗೆರೆಗಳ ಬಳಿ ಬಂದು, ಅಳಿಸಲೇ ಎಂದು ಕೇಳಿದಳು. ಬೇಡವೆಂದೆವು. “ನಿಮಗೆ ಹೋಗಲು ಊರಿದೆ ಬಾಬೂಜಿ. ಊರು ನಮಗೂ ಇದೆ, ಆದರೆ ಹೋದರೆ ಮನೆಗಳ ಕೆಲಸ ಹೋಗುತ್ತದೆ” ಎಂದಳು. ದೂರಿನ ದನಿಯಿರಲಿಲ್ಲ, ಇದ್ದುದನ್ನು ಹೇಳಿದಳು. ಅವಳ ಮಗಳು ಕೆಮ್ಮುತ್ತ ಬೀಜ ಎಣಿಸುತ್ತಿದ್ದಳು. ಅಂದು ಸಂಜೆ ಪಾಪುವಿಗೆಂದು ಕೊಂಡಿದ್ದ ಆವಿಯ ಯಂತ್ರವನ್ನು ಅವರ ಮನೆಗೆ ಕೊಟ್ಟು, ಮದ್ದನ್ನು ವೈದ್ಯರನ್ನು ಕೇಳಿಯೇ ಹಾಕಬೇಕೆಂದು ತಿಳಿಸಿ, ಅವರ ವಿಳಾಸವನ್ನೂ ಬರೆದುಕೊಟ್ಟೆವು. ನಮ್ಮಿಂದ ಆದದ್ದು ಅಷ್ಟೇ. ಅದು ಸಾಲದೆಂಬುದೂ ನಮಗೆ ಗೊತ್ತು.

ಎರಡು ವಾರ ಕಳೆದು ಭಾನುವಾರ ಫೋನು ಬಂತು. ಪಾಪುವಿನ ಕೆಮ್ಮು ನಿಂತಿತ್ತು. “ಈಗ ಇವನ ಮಾತೆಲ್ಲ ನನಗೆ ಗೊತ್ತಾಗುತ್ತದೆ” ಎಂದರು ಅತ್ತೆಯವರು. “ಆದರೆ ನಿಲ್ಲಿಸುವುದೇ ಇಲ್ಲ ಮಾರಾಯ್ರೇ, ಅಂಗಳದಲ್ಲಿ ಬಿದ್ದ ಅಡಿಕೆಯನ್ನೆಲ್ಲ ಎಣಿಸುತ್ತಾ ಇದ್ದಾನೆ!”